ಬೀಗಿತ್ತಿಯ ಮುಖ

ದಾವಣಗೆರೆ
೩ ಜೂನ್ ೧೯೭೩

ನೀಲಾ,

ಎಲ್ಲರೂ ಕ್ಷೇಮವಾಗಿ ತಲುಪಿದೆವು. ಇನ್ನು ಮೇಲೆ ನಿನ್ನನ್ನು ಏನೆಂದು ಕರೆಯಬೇಕು ಎಂಬ ಬಗ್ಗೆ ರೈಲಿನಲ್ಲಿ ತುಮಕೂರು ದಾಟುವವರೆಗೂ ಚರ್ಚೆ ನಡೆಯಿತು. ನಾನು ಏಕವಚನ ಬಳಸುವುದು ನಮ್ಮ ನಾದಿನಿಗೆ ಸರಿಬರಲಿಲ್ಲ. "ಈಗ ಅವ್ರು ನಿನ್ನ ಬೀಗಿತ್ತಿ. ಹೋಗೇ ಬಾರೇ ಅಂತಾರೇನು?" ಎಂದಳು. "ಟ್ರೈನಿಂಗ್ ಶಾಲೆ ಹಾಸ್ಟೆಲ್‌ನಾಗೆ ಅವಳ ತಲೆ ಹೇನು ತೆಗೆದೋಳು ನಾನು. ಈಗ ಬಹುವಚನ ಎಲ್ಲಿಂದ ತರ್ಲಿ?" ಎಂದೆ.

ನಿನ್ನ ಜಗದಾಂಬಾ ಚೆನ್ನಾಗಿದ್ದಾಳೆ. ಮೊದಲ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನನ್ನ ಮಗ ರೇವಣಸಿದ್ದಪ್ಪ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡು, ಮಧ್ಯಾಹ್ನವೆಲ್ಲ ನೀರು ಕುಡಿದ. ಈ ಮದುವೆ ಬಾಳಿಕೆ ಬರುತ್ತದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ನನ್ನ ಮೊಳಕೈ ಮೇಲೆ ನೀನು ಚಿವುಟಿದ ಗುರುತು ಇನ್ನೂ ಇದೆ. ತಪ್ಪು ನನ್ನದಲ್ಲ. ಗಂಡಸರಿಂದ ಹೆಂಡತಿಯ ಹೆಸರು ಸೇರಿಸಿ ಒಡಪು ಹೇಳಿಸುವಾಗ ನಿಮ್ಮ ಯಜಮಾನರು "ಬಾಗಿಲಿಗೆ ತೋರಣ, ಬಚ್ಚಲಿಗೆ ಹಂಡೆ" ಎಂದು ಶುರುಮಾಡಿ, ಮುಂದಿನದು ಮರೆತು, ಕಂಬದ ಹಾಗೆ ನಿಂತು, ಕೊನೆಗೆ ಕಚೇರಿಯ ಧ್ವನಿಯಲ್ಲಿ "ಸದರಿಯವರ ಹೆಸರು ನೀಲಗಂಗಮ್ಮ" ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ? ನಾನಾದರೂ ಹೇಗೋ ತಡೆದುಕೊಂಡಿದ್ದೆ. ನೀನು ಚಿವುಟಿದ್ದರಿಂದಲೇ ನಗು ಹೊರಬಿದ್ದದ್ದು.

ನಿನ್ನ ತಮ್ಮ ಜಂಬಣ್ಣ ತೆಗೆದ ಸಿನಿಮಾ ಯಾವಾಗ ಬರುತ್ತದೆ? ಛತ್ರದಲ್ಲಿ ಅವನು ಕ್ಯಾಮೆರಾ ಹಿಡಿದು ನೆಲದ ಮೇಲೆ ಮಲಗಿದ್ದಾಗ ಅಡುಗೆಯವರು ಅನ್ನದ ಕೊಳಗ ಹೊತ್ತು ಅವನನ್ನು ದಾಟಿಕೊಂಡು ಹೋದದ್ದನ್ನು ನೋಡಿದೆ. ಅದನ್ನೂ ಯಾರಾದರೂ ತೆಗೆಯಬೇಕಿತ್ತು.

ನೀನು ಕೊಟ್ಟ ರಷ್ಯನ್ ಕಾದಂಬರಿಯ ಅನುವಾದ ಅರ್ಧವಾಗಿದೆ. ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ಎಲ್ಲರೂ ಒಬ್ಬರನ್ನೊಬ್ಬರು ತಪ್ಪು ತಿಳಿದು ಹಿಮದಲ್ಲಿ ನಡೆದು ಹೋಗುತ್ತಾರೆ. ಕೂತು ಒಂದು ಮಾತು ಕೇಳಬಾರದೇ?

ನಿನ್ನ
ರಾಜಿ

*

ರಾಜಾಜಿನಗರ, ಬೆಂಗಳೂರು
೨೪ ಜೂನ್ ೧೯೭೩

ರಾಜಿ,

ಸಾರಿನ ಉಪ್ಪಿನ ಸುದ್ದಿಯನ್ನು ನಮ್ಮವರಿಗೆ ಓದಿ ಹೇಳಿದೆ. ಒಡಪಿನ ಭಾಗವನ್ನು ಹೇಳಲಿಲ್ಲ. ಆ ವಿಷಯ ಎತ್ತಿದರೆ ಅವರು ಎದ್ದು ಹೋಗಿ ಗಿಡಗಳಿಗೆ ನೀರು ಹಾಕುತ್ತಾರೆ. ಈ ತಿಂಗಳು ನಮ್ಮ ಗಿಡಗಳು ಬಹಳ ಚೆನ್ನಾಗಿವೆ.

ಸಿನಿಮಾದ ಸುರುಳಿಗಳು ತೊಳೆಯಲು ಮುಂಬಯಿಗೆ ಹೋಗಿವೆ. ಬಂದ ಮೇಲೆ ಜಂಬಣ್ಣ ಅವನ್ನು ತುಂಡರಿಸಿ, ಅಂಟಿಸಿ, ಜೋಡಿಸಬೇಕಂತೆ. ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸ ಮುಗಿಸಿ ಬಂದವನು ನೇರ ನಮ್ಮನೆಗೇ ಬಂದು ಪಾಠ ಶುರುಮಾಡುತ್ತಾನೆ. ಅಲ್ಲಿಂದ ಊರಿಗೆ ಹಿಂದಿರುಗಿದ ಜರ್ಮನ್ ಎಂಜಿನಿಯರ್ ಆ ಕೀಲಿ ಕೊಡುವ ಕ್ಯಾಮೆರಾ ಬಿಟ್ಟುಹೋದಾಗಿನಿಂದ, ಅದರಲ್ಲೂ ಈ ಫಿಲ್ಮ್ ಸೊಸೈಟಿ ಸೇರಿದ ಮೇಲೆ, ಅವನ ಬಾಯಿಗೆ ಬಿಡುವಿಲ್ಲ.

"ಅಕ್ಕಾ, ಮುಖಕ್ಕೆ ತನ್ನದೇ ಅಂತ ಅರ್ಥ ಇರಲ್ಲ ಕಣಕ್ಕಾ. ಅನ್ನದ ತಟ್ಟೆ ತೋರ್ಸಿ ಒಂದು ಮುಖ ತೋರ್ಸು, ಹಸಿವು ಅಂತಾರೆ. ಮಗು ತೋರ್ಸಿ ಅದೇ ಮುಖ ತೋರ್ಸು, ಪ್ರೀತಿ ಅಂತಾರೆ. ಮುಖ ಅದೇ!"

"ಹಾಗಾದ್ರೆ ನಿಮ್ಮ ಭಾವನ ಮುಖದ ಹಿಂದೆ ಮುಂದೆ ಏನು ತೋರ್ಸಿದ್ರೂ ಒಂದೇ ಕಣೋ," ಎಂದೆ.

"ತಮಾಷೆ ಅಲ್ಲಕ್ಕಾ. ಕ್ಯಾಮೆರಾ ಎಲ್ಲಿ ಇಡ್ತೀವಿ ಅನ್ನೋದೂ ಹಾಗೇ. ಕೆಳಗಿಂದ ತೆಗೆದ್ರೆ ಮನುಷ್ಯ ರಾಜ. ಮೇಲಿಂದ ತೆಗೆದ್ರೆ ಅಯ್ಯೋ ಪಾಪ."

ಗಂಜಿ ಕುಡಿಯುತ್ತಿದ್ದ ನಮ್ಮವರು ಕುರ್ಚಿಯಿಂದ ಒಂದು ಸಲ ಕೆಳಗೆ ನೋಡಿದರು. ಜಂಬಣ್ಣ ಚಾಪೆಯ ಮೇಲೆ ಕೂತಿದ್ದ. ನಾನು ನಕ್ಕೆ.

ಕಾದಂಬರಿಯನ್ನು ಪೂರ್ತಿ ಓದು. ಕೂತು ಒಂದು ಮಾತು ಕೇಳಿದ್ದರೆ ಅದು ಕಾದಂಬರಿಯಾಗುತ್ತಿರಲಿಲ್ಲ.

ನಿನ್ನ
ನೀಲಾ

*

ರಾಜಾಜಿನಗರ, ಬೆಂಗಳೂರು
೨೯ ಜುಲೈ ೧೯೭೩

ಬೀಗಿತ್ತಿ ಶ್ರೀಮತಿ ಬಸವರಾಜೇಶ್ವರಿಯವರಿಗೆ ಶರಣಾರ್ಥಿಗಳು.

ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯಿರಿ.

ಮದುವೆಯ ಚಿತ್ರ ಮುಂಬಯಿಯಿಂದ ಬಂದಿತು. ಜಂಬಣ್ಣ ಅದನ್ನು ಜೋಡಿಸಿ, ಕಳೆದ ಭಾನುವಾರ ನಮ್ಮ ಗೋಡೆಗೆ ಪಂಚೆ ಕಟ್ಟಿ ತೋರಿಸಿದ. ಅಕ್ಕಪಕ್ಕದವರೂ ಬಂದಿದ್ದರು. ಚಿತ್ರ ಸ್ಪಷ್ಟವಾಗಿದೆ. ಊಟದ ಭಾಗವೂ ಸ್ಪಷ್ಟವಾಗಿಯೇ ಇದೆ.

ಮದುವೆಯ ಉಪಚಾರದಲ್ಲಿ ನಮ್ಮ ಕಡೆಯಿಂದ ಏನಾದರೂ ಲೋಪವಾಗಿದ್ದರೆ ಕ್ಷಮಿಸಬೇಕು. ಜಗದಾಂಬಾ ಇನ್ನೂ ಚಿಕ್ಕವಳು. ಅಡುಗೆಯಲ್ಲಿ ಅಥವಾ ನಡವಳಿಕೆಯಲ್ಲಿ ತಪ್ಪಿದರೆ ಅವಳಿಗೆ ಎದುರಿಗೇ ಹೇಳಿ ತಿದ್ದಬೇಕಾಗಿ ಕೋರುತ್ತೇನೆ. ಮುಖ ತಿರುಗಿಸಿದರೆ ಅವಳಿಗೆ ತಿಳಿಯುವುದಿಲ್ಲ.

ಕಾದಂಬರಿ ಲೈಬ್ರರಿಯದು. ಅನುಕೂಲವಾದಾಗ ಕಳಿಸಿಕೊಡಿ.

ಇತಿ,
ನೀಲಗಂಗಮ್ಮ ಸೋಮಲಿಂಗಪ್ಪ

*

ದಾವಣಗೆರೆ
೬ ಆಗಸ್ಟ್ ೧೯೭೩

ನೀಲಾ,

ಯಾರದೋ ಕಾಗದ ವಿಳಾಸ ತಪ್ಪಿ ನಮ್ಮನೆಗೆ ಬಂದಿದೆ ಎಂದುಕೊಂಡೆ. ಅಕ್ಷರ ನಿನ್ನದು. ಆಗ ತಮಾಷೆ ಎಂದುಕೊಂಡೆ. ನಕ್ಕು, ಜಗದಾಂಬೆಗೂ ಓದಿ ಹೇಳಿದೆ. ಅವಳು ನಗಲಿಲ್ಲ. "ಅತ್ತೆ, ಅವ್ವ ಸಿಟ್ಟು ಬಂದಾಗ್ಲೇ ಇಷ್ಟು ಚಂದ ಬರೆಯೋದು" ಎಂದಳು.

ಏನಾಯಿತು? ಹುಡುಗಿಯನ್ನು ಏನಾದರೂ ಅಂದೆನೇ? ಅವಳನ್ನೇ ಕೇಳಿದೆ. ಇಲ್ಲ ಎಂದಳು. ಸೊಸೆಗೆ ಅತ್ತೆ ಹಾಗೆ ಕೇಳಿದರೆ ಅವಳು ಇನ್ನೇನು ಹೇಳುತ್ತಾಳೆ ಎಂದು ಆಮೇಲೆ ಹೊಳೆಯಿತು. ಈಗ ಅಡುಗೆಮನೆಗೆ ಹೋಗುವಾಗಲೂ ಕೆಮ್ಮಿ ಹೋಗುತ್ತಿದ್ದೇನೆ.

ಕಾದಂಬರಿ ಮುಗಿದಿಲ್ಲ. ನೀನು "ನೀನು" ಎಂದು ಬರೆಯುವವರೆಗೆ ಕಳಿಸುವುದಿಲ್ಲ. ಲೈಬ್ರರಿಯವರು ನನ್ನ ಮೇಲೆ ಕೇಸು ಹಾಕಲಿ.

ರಾಜಿ

*

ರಾಜಾಜಿನಗರ, ಬೆಂಗಳೂರು
೨೦ ಆಗಸ್ಟ್ ೧೯೭೩

ಬೀಗಿತ್ತಿಯವರಿಗೆ ಶರಣಾರ್ಥಿಗಳು.

ಜಗದಾಂಬೆಯ ಕಾಗದ ಬಂತು. ಶುಭ ಸುದ್ದಿ ತಿಳಿದು ಇಬ್ಬರಿಗೂ ಬಹಳ ಸಂತೋಷವಾಯಿತು. ನಮ್ಮವರು ಗಿಡಗಳಿಗೆ ಎರಡು ಸಲ ನೀರು ಹಾಕಿದರು.

ಏಳನೇ ತಿಂಗಳ ಕುಬಸದ ಕಾರ್ಯವನ್ನು ನಮ್ಮಲ್ಲಿ ಮಾಡುವ ಆಸೆ. ಮೊದಲು ಉಡಿ ತುಂಬಬೇಕಾದವರು ಅತ್ತೆ. ನಮ್ಮ ಮನೆಯ ಊಟ ಒಗ್ಗುವುದಾದರೆ ತಾವು ಬರಬೇಕು.

ಏನಾಯಿತೆಂದು ಕೇಳಿದ್ದೀರಿ. ಗಣೇಶನ ಹಬ್ಬದ ರಜೆಗೆ ಜಂಬಣ್ಣ ಪ್ರೊಜೆಕ್ಟರ್ ಹೊತ್ತು ಅಲ್ಲಿಗೆ ಬರುತ್ತಾನೆ. ಚಿತ್ರ ತಾವೇ ನೋಡಿ. ನಾನು ಬಾಯಿಂದ ಹೇಳಲಾರೆ.

ಇತಿ,
ನೀಲಗಂಗಮ್ಮ

*

ದಾವಣಗೆರೆ
೪ ಸೆಪ್ಟೆಂಬರ್ ೧೯೭೩

ನೀಲಾ,

ನೋಡಿದೆ.

ಮೊದಲು ನೀನು ಬರುತ್ತೀಯ. ಮಹಡಿಯ ಮೆಟ್ಟಿಲಿನಿಂದ ತೆಗೆದದ್ದು. ಹೋಳಿಗೆಯ ತಟ್ಟೆ ಹಿಡಿದು ಬಗ್ಗಿದ್ದೀಯ. ಬೈತಲೆ ಕಾಣುತ್ತದೆ, ಬೆನ್ನು ಕಾಣುತ್ತದೆ, ಇಷ್ಟೇ ಇಷ್ಟು ಆಗಿ ಹೋಗಿದ್ದೀಯ. ಎಲೆಗೆ ಹೋಳಿಗೆ ಹಾಕಿ ತಲೆ ಎತ್ತಿ ನಗುತ್ತೀಯ. ಆಮೇಲೆ ಪಂಚೆಯ ತುಂಬ ನನ್ನ ಮುಖ. ಗದ್ದ ಮೇಲೆ, ಮೂಗಿನ ಹೊಳ್ಳೆ ಮೇಲೆ. ತುಟಿ ಬಿಗಿದುಕೊಂಡು, ಹೊಲಸು ಕಂಡವಳಂತೆ ಮುಖ ಆಚೆ ತಿರುಗಿಸುತ್ತೇನೆ. ಮತ್ತೆ ನೀನು. ನಗು ಆರಿದೆ. ಮುಂದಿನ ಎಲೆಗೆ ಹೋಗುತ್ತೀಯ.

ಆ ಹೆಂಗಸನ್ನು ಕಂಡು ನನಗೂ ಸಿಟ್ಟು ಬಂತು. ಅದು ನಾನು ಎಂಬುದು ಆಮೇಲೆ ನೆನಪಾಯಿತು.

ಜಂಬಣ್ಣನಿಗೆ ಏನೂ ಗೊತ್ತಾಗಲಿಲ್ಲ. ಅವನು ಸುರುಳಿ ಸುತ್ತುವುದರಲ್ಲಿ ಮುಳುಗಿದ್ದ. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಾಗ "ಚೆನ್ನಾಗಿ ಬಂದಿದೆ ಅಲ್ವಾ ರಾಜಕ್ಕಾ, ಎಲ್ಲರೂ ಅಳ್ತಾರೆ" ಎಂದು ಹೇಳಿ ಬೆಳಗಿನ ರೈಲಿಗೆ ಹೊರಟ.

ನೀಲಾ, ಆ ಕ್ಷಣ ನಾನು ಹಾಗೆ ಮಾಡಿದ್ದು ನನಗೆ ನೆನಪಿಲ್ಲ. ಆದರೆ ಚಿತ್ರದಲ್ಲಿದೆ. ಈಗ ನಿನ್ನ ಹೋಳಿಗೆಯನ್ನು ನೆನೆಸಿಕೊಂಡರೆ ಆ ಮುಖವೇ ಎದುರಿಗೆ ಬರುತ್ತದೆ. ಸಾರಿನ ಹಬೆಗೆಂದು ಯಾವಾಗಲೂ ಮಾಡುವ ಹಾಗೆ ಕನ್ನಡಕ ತೆಗೆದು ಸೆರಗಿಗೆ ಕಟ್ಟಿಕೊಂಡಿದ್ದೆ. ಬಡಿಸುತ್ತಿರುವವರು ಯಾರೆಂದು ಕಾಣುತ್ತಿರಲಿಲ್ಲ. ನೀನು ಎಂಬುದು ತಿಳಿದದ್ದು ನಿನ್ನ ಬಳೆಯ ಸದ್ದಿನಿಂದ. ಇದು ನೆಪವಲ್ಲ. ಬಳೆಯ ಸದ್ದು ಕೇಳಿ ಸಂತೋಷಪಟ್ಟ ನೆನಪಿದೆ. ಸಂತೋಷದ ನಡುವೆ ಆ ಮುಖ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನೊಳಗೆ ಎಲ್ಲೋ ಗಂಡಿನ ತಾಯಿಯೆಂಬ ಸೊಕ್ಕು ಇದ್ದಿರಬೇಕು. ಕ್ಯಾಮೆರಾ ಹಿಡಿದುಬಿಟ್ಟಿತು.

ಕುಬಸಕ್ಕೆ ಜಗದಾಂಬೆಯನ್ನು ಕಳಿಸುತ್ತೇನೆ. ಉಡಿ ತುಂಬಲು ನಮ್ಮ ನಾದಿನಿ ಬರುತ್ತಾಳೆ. ಆ ಮುಖ ಹೊತ್ತುಕೊಂಡು ನಿನ್ನ ಪಂಕ್ತಿಯಲ್ಲಿ ನಾನು ಕೂರಲಾರೆ.

ಕಾದಂಬರಿ ಇದರ ಜೊತೆ ಕಳಿಸಿದ್ದೇನೆ.

ರಾಜಿ

*

ರಾಜಾಜಿನಗರ, ಬೆಂಗಳೂರು
೧೪ ಸೆಪ್ಟೆಂಬರ್ ೧೯೭೩

ರಾಜಿ, ಲೇ ರಾಜಿ,

ನಿನ್ನ ಕಾಗದ ಓದುತ್ತಾ "ಕನ್ನಡಕ ತೆಗೆದು" ಎಂಬಲ್ಲಿಗೆ ಬಂದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಹಾಸ್ಟೆಲಿನಲ್ಲಿ ನೀನು ಊಟಕ್ಕೆ ಕೂತಾಗಲೆಲ್ಲ ಕನ್ನಡಕ ತೆಗೆಯುತ್ತಿದ್ದೆ. ಬದನೆಕಾಯಿಯನ್ನು ಬೆಲ್ಲದ ಚೂರೆಂದು ಬಾಯಿಗಿಟ್ಟವಳು ನೀನು. ಚಿತ್ರದ ಆ ಮುಖದ ಮೇಲೆ ಕನ್ನಡಕವಿದೆ!

ಮರುದಿನ ಭಾನುವಾರ ಬೆಳಿಗ್ಗೆಯೇ ಜಂಬಣ್ಣನನ್ನು ಕರೆಸಿದೆ. ಕಿಟಕಿಗಳಿಗೆ ಕಂಬಳಿ ಕಟ್ಟಿ ಹಾಡುಹಗಲೇ ಚಿತ್ರ ಹಾಕಿಸಿದೆ. ಇದೆ, ದಪ್ಪ ಚೌಕಟ್ಟಿನ ನಿನ್ನ ಕನ್ನಡಕ. ಗಾಜಿನಲ್ಲಿ ಚಪ್ಪರದ ತೋರಣ ಹೊಳೆಯುತ್ತಿದೆ. ಊಟದ ಮನೆಯಲ್ಲಿ ತೋರಣ ಎಲ್ಲಿತ್ತು?

"ಈ ಮುಖ ಎಲ್ಲಿ ತೆಗೆದದ್ದೋ?"

"ರಾಜಕ್ಕಂದಾ? ಅದು ಬೆಳಿಗ್ಗೆ ಚಪ್ಪರದಲ್ಲಿ ತೆಗ್ದಿದ್ದು."

"ಮತ್ತೆ ಊಟದಲ್ಲಿ ಯಾಕಿದೆ?"

"ಊಟದ ಸೀನು ಸಪ್ಪೆ ಆಗಿತ್ತು ಕಣಕ್ಕಾ. ಬಡಿಸ್ತಾರೆ, ತಿಂತಾರೆ, ಬಡಿಸ್ತಾರೆ, ತಿಂತಾರೆ. ಮಧ್ಯ ಒಂದು ಮುಖ ಬೇಕಿತ್ತು. ಇದಿತ್ತು, ಹಾಕ್ದೆ."

"ನಿನಗೆ ಈ ಮುಖ ಹೇಗೆ ಕಾಣಿಸ್ತು?"

"ಗಂಭೀರ!"

ಆಮೇಲೆ ಎಲ್ಲ ಹೇಳಿದೆ. ಪಕ್ಕದ ಮನೆಯ ಪುಟ್ಟಲಕ್ಷ್ಮಿ ಚಿತ್ರ ನೋಡಿ "ಅಯ್ಯೋ, ಹುಡುಗಿ ಈ ಅತ್ತೆ ಕೈಲಿ ಹೇಗೆ ಬಾಳ್ತಾಳೋ" ಎಂದದ್ದು, ನಾನು ಅಂದಿನಿಂದ ಜಗದಾಂಬೆಯ ಕಾಗದಗಳ ಸಾಲುಸಾಲಿನ ನಡುವೆ ಅಳು ಹುಡುಕುತ್ತಿದ್ದದ್ದು, ನಿನ್ನೊಂದಿಗೆ ಮಾತು ಬಿಟ್ಟದ್ದು. ಅವನು ಬಾಯಿ ತೆರೆದುಕೊಂಡು ಕೇಳಿದ. ಅಳುತ್ತಾನೆ ಎಂದುಕೊಂಡೆ. ಅವನ ಮುಖ ಅರಳಿತು.

"ಒಂದು ಕಟ್‌ಗೆ ಮಾತು ಬಿಟ್ರಾ? ಇಷ್ಟು ದಿನ? ಅಕ್ಕಾ, ನಮ್ಮ ಸೊಸೈಟೀಲಿ ಹೇಳಿದ್ರೆ ಯಾರೂ ನಂಬಲ್ಲ!"

ಸೌಟು ಕೈಗೆ ಸಿಕ್ಕಿತು. ಒಂದು ಬಿಟ್ಟೆ.

ಕತ್ತರಿಸಿದ ಚೂರುಗಳನ್ನು ಅವನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿರುತ್ತಾನೆ. ಅದನ್ನು ತರಿಸಿ, ಕಿಟಕಿಯ ಬಳಿ ಕೂತು, ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದೆವು. ಕೊನೆಗೆ ಆ ಮುಖದ ಮುಂದಿನ ಚೂರು ಸಿಕ್ಕಿತು. ನೀನು ಮುಖ ತಿರುಗಿಸಿದ್ದೀಯ. ಬಲಗಡೆಯ ಅಂಚಿನಿಂದ ಒಂದು ಕೈ ಒಳಗೆ ಬರುತ್ತದೆ. ನಿನ್ನ ಮೊಳಕೈಯನ್ನು ಚಿವುಟುತ್ತದೆ. ನಿನ್ನ ಬಾಯಿ ತೆರೆಯುತ್ತದೆ, ಕಣ್ಣು ಮುಚ್ಚುತ್ತದೆ, ತಲೆ ಹಿಂದಕ್ಕೆ ಹೋಗುತ್ತದೆ. ಹಾಸ್ಟೆಲಿನ ವಾರ್ಡನ್ ಎಷ್ಟು ಹೆದರಿಸಿದರೂ ನಿಲ್ಲದ ಆ ನಗು.

"ಇದನ್ನ ಯಾಕೆ ಕತ್ತರಿಸ್ದೆ?"

"ಹಾಳಾಗಿತ್ತಲ್ಲಕ್ಕಾ. ಫ್ರೇಮ್ ಒಳಗೆ ಯಾರ್ದೋ ಕೈ ಬಂತು."

"ಯಾರ್ದೋ ಅಲ್ಲ ಕಣೋ," ಎಂದು ನನ್ನ ಬಳೆ ತೋರಿಸಿದೆ.

ರಾಜಿ, ನಾನು ಹಗಲೂ ರಾತ್ರಿ ಹೆದರಿದ್ದು ಒಡಪಿನ ಹೊತ್ತಿನಲ್ಲಿ ನೀನು ನಗು ತಡೆದ ಮುಖಕ್ಕೆ. ಅದರ ಪಕ್ಕದಲ್ಲಿ ನಾನೇ ನಿಂತಿದ್ದೆ. ಒಂದು ಗೇಣು ಆಚೆ. ಮುಖಕ್ಕೆ ಸ್ವಂತ ಅರ್ಥವಿಲ್ಲ ಎಂದು ಜಂಬಣ್ಣ ಜೂನಿನಲ್ಲೇ ಹೇಳಿದ್ದ, ನಾನು ಅದನ್ನು ನಿನಗೆ ನಕ್ಕು ಬರೆದಿದ್ದೆ. ದೀಪ ಆರಿಸಿ ಪಂಚೆಯ ಮೇಲೆ ಬೆಳಕು ಬಿದ್ದ ಕೂಡಲೇ ಎಲ್ಲ ಮರೆತು ನಂಬಿದೆ. ನಿನ್ನನ್ನು ಕೇಳಬೇಕಿತ್ತು. ಕೇಳಿದರೆ ಹೌದು ಎಂದುಬಿಡುತ್ತೀಯ ಎಂಬ ಭಯ. ನೀನು ನೋಡಿದರೆ, ಮಾಡದೆಯೂ ಹೌದು ಎಂದುಬಿಟ್ಟೆ!

ನಮ್ಮವರು ಎಲ್ಲ ಕೇಳಿಸಿಕೊಂಡು "ಸದರಿ ವಿಷಯ ಇಷ್ಟೇನಾ?" ಎಂದರು. ಜಂಬಣ್ಣ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದುಕೊಂಡೆವು.

ನಿನ್ನ ನಾದಿನಿ ಬರಲಿ, ಸಂತೋಷ. ಮೊದಲು ಉಡಿ ತುಂಬುವವಳು ನೀನು.

ನಿನ್ನ
ನೀಲಾ

*

ರಾಜಾಜಿನಗರ, ಬೆಂಗಳೂರು
೧೬ ಸೆಪ್ಟೆಂಬರ್ ೧೯೭೩

ರಾಜಕ್ಕನವರಿಗೆ ನಮಸ್ಕಾರಗಳು.

ಅಕ್ಕ ಪಕ್ಕದಲ್ಲೇ ಕೂತು ಈ ಕಾಗದ ಬರೆಸುತ್ತಿದ್ದಾಳೆ. ಸೌಟು ಅಡುಗೆಮನೆಯಲ್ಲಿದೆ.

ನನ್ನಿಂದ ನಿಮಗೆ ಬಹಳ ನೋವಾಯಿತು, ಕ್ಷಮಿಸಿ. ಆದರೆ ಹೇಗಾಯಿತೆಂದು ಹೇಳದೆ ಇರಲಾರೆ. ಚಪ್ಪರದಲ್ಲಿ ಜನ ಹಿಂದಿನಿಂದ ನೂಕುತ್ತಿದ್ದರು. ಕುಕ್ಕರಗಾಲಿನಲ್ಲಿ ಕೂತೇ ನಿಮ್ಮನ್ನು ತೆಗೆದೆ. ಅದಕ್ಕೆ ನೀವು ಕೋಟೆಯ ಬುರುಜಿನ ಹಾಗೆ ಬಂದಿರಿ. ಊಟದ ಮನೆಯಲ್ಲಿ ಕೂರಲು ಜಾಗವಿರಲಿಲ್ಲ, ಮೆಟ್ಟಿಲು ಹತ್ತಿ ಅಕ್ಕನನ್ನು ತೆಗೆದೆ. ಅದಕ್ಕೆ ಅವಳು ಇರುವೆಯ ಹಾಗೆ ಬಂದಳು. ಎರಡೂ ನನಗೆ ಜಾಗ ಸಿಗದೆ ಆದದ್ದು. ಅಂಟಿಸಿದಾಗ ಮಾತ್ರ ನೀವು ಮೇಲೆ, ಅಕ್ಕ ಕೆಳಗೆ ಎಂದಾಯಿತು. ಅಕ್ಕನ ನಗು ಆರಿದ್ದಕ್ಕೂ ನೀವು ಕಾರಣರಲ್ಲ. ಆ ಹೊತ್ತಿಗೆ ಕ್ಯಾಮೆರಾದ ಕೀಲಿ ಮುಗಿದು ನಿಂತಿತು. ಮತ್ತೆ ಕೀಲಿ ಕೊಟ್ಟು ತೆಗೆಯುವಷ್ಟರಲ್ಲಿ ಅವಳು ಎಷ್ಟೋ ಎಲೆಗಳಿಗೆ ಬಡಿಸಿ ಸುಸ್ತಾಗಿದ್ದಳು.

ಸರಿಪಡಿಸುವುದು ಸುಲಭ. ನೀವು ಮಗನನ್ನು ನೋಡಿ ನಗುವ ಒಳ್ಳೆಯ ಚೂರೊಂದಿದೆ. ಅದನ್ನು ಹೋಳಿಗೆಯ ಮುಂದೆ ಅಂಟಿಸುತ್ತೇನೆ. ಹೋಳಿಗೆ ತಿಂದು ನಿಮಗೆ ಸ್ವರ್ಗ ಕಂಡಂತೆ ಕಾಣುತ್ತದೆ. ದಯವಿಟ್ಟು ಒಪ್ಪಿಗೆ ತಿಳಿಸಿ.

ನಿಮ್ಮ ವಿಶ್ವಾಸಿ,
ಜಂಬಣ್ಣ

*

ದಾವಣಗೆರೆ
೩೦ ಸೆಪ್ಟೆಂಬರ್ ೧೯೭೩

ನೀಲಾ,

ನಿನ್ನ ಕಾಗದವನ್ನು ನಿಂತೇ ಓದಿದೆ. ಆಮೇಲೆ ಕೂತು ಓದಿದೆ. ಆಮೇಲೆ ಜಗದಾಂಬೆಯಿಂದ ಓದಿಸಿ ಕೇಳಿದೆ. ಓದುತ್ತಾ ಓದುತ್ತಾ ಅವಳಿಗೆ ನಗು ತಡೆಯಲಾಗದೆ ಬಿಕ್ಕಳಿಕೆ ಹಿಡಿಯಿತು. ನಾನು ಈಗ ಅಡುಗೆಮನೆಗೆ ಕೆಮ್ಮದೆ ಹೋಗುತ್ತಿದ್ದೇನೆ. "ಅತ್ತೆ, ನೀವು ಕೆಮ್ಮೋದು ಕೇಳಿ ನಿಮಗೆ ಕ್ಷಯಾನೋ ಏನೋ ಅಂತ ಹೆದರಿದ್ದೆ" ಎಂದಳು. ನೋಡು, ಈ ಮನೆಯಲ್ಲಿ ಕ್ಯಾಮೆರಾ ಇಲ್ಲದೆಯೂ ಇದೇ ಕಥೆ.

ಜಂಬಣ್ಣನಿಗೆ ಹೇಳು: ಒಪ್ಪಿಗೆ ಇಲ್ಲ. ಮಗನನ್ನು ನೋಡಿ ನಕ್ಕದ್ದು ಮಗನಿಗೆ. ಅದನ್ನು ಹೋಳಿಗೆಗೆ ಅಂಟಿಸಿದರೆ ಅದೂ ಮೊದಲಿನಂಥದೇ ಸುಳ್ಳು, ನೋಡಲು ಹಿತವಾಗಿರುತ್ತದೆ ಅಷ್ಟೆ. ಆ ಮುಖವನ್ನು ಅದರ ಜಾಗಕ್ಕೆ ಹಾಕಲಿ, ನಿನ್ನ ಕೈಯ ಸಮೇತ. ಊಟ ಸಪ್ಪೆಯಾಗಿದ್ದರೆ ಸಪ್ಪೆಯಾಗಿಯೇ ಇರಲಿ.

ಹೋಳಿಗೆ ತಿಂದಾಗ ನನ್ನ ನಿಜವಾದ ಮುಖ ಹೇಗಿತ್ತೆಂದು ಯಾವ ಚೂರಿನಲ್ಲೂ ಇಲ್ಲ. ಆದ್ದರಿಂದ ನಾನೇ ಹೇಳಬೇಕು. ಮದುವೆಯ ಮನೆಯಲ್ಲಿ ಹೇಳಬಾರದೆಂದು ಸುಮ್ಮನಿದ್ದೆ. ಆಮೇಲೆ ನೀನು ಬೀಗಿತ್ತಿಯಾದೆ, ಹೇಳುವ ಹಾಗಿರಲಿಲ್ಲ. ಈಗ ಮತ್ತೆ ನೀಲಾ ಆಗಿದ್ದೀಯ.

ಹೂರಣ ಗಟ್ಟಿಯಾಗಿತ್ತು ಕಣೇ.

ನಿನ್ನ
ರಾಜಿ

*

ರಾಜಾಜಿನಗರ, ಬೆಂಗಳೂರು
೫ ನವೆಂಬರ್ ೧೯೭೩

ರಾಜಿ,

ಗಟ್ಟಿಯಾಗಿತ್ತು. ತಿಂದವರಿಗೆಲ್ಲ ಗೊತ್ತು. ಬಾಯಿಬಿಟ್ಟು ಹೇಳಿದವಳು ನೀನೊಬ್ಬಳೇ. ಅಡುಗೆಯವರಿಗೆ ಬೆಲ್ಲದ ಪಾಕ ಮುಂಚೆಯೇ ಇಳಿಸಿ ಎಂದು ಬಡಿದುಕೊಂಡೆ, ಕೇಳಲಿಲ್ಲ. ಕುಬಸಕ್ಕೆ ಅಡುಗೆಯವರು ಬೇಡ. ನೀನು ಎರಡು ದಿನ ಮುಂಚೆ ಬಾ. ನಾವೇ ಮಾಡೋಣ.

ಮೈಸೂರು ರಾಜ್ಯದ ಹೆಸರು ಬದಲಾಗಿ ಮೊನ್ನೆಯಿಂದ ನಾವಿಬ್ಬರೂ ಕರ್ನಾಟಕದವರು. ನಮ್ಮ ಶಾಲೆಯ ಮಕ್ಕಳಿಗೆ ಸಿಹಿ ಹಂಚಿದೆವು. ಅದೇ ಸಂಭ್ರಮದಲ್ಲಿ ಜಂಬಣ್ಣ ಹೊಸದಾಗಿ ಜೋಡಿಸಿದ ಚಿತ್ರವನ್ನು ನಿನ್ನೆ ಸಂಜೆ ತೋರಿಸಿದ. ಪಂಚೆ ಅದೇ, ಚೂರುಗಳು ಅವೇ, ನೆರೆಯವರೂ ಅವರೇ. ನಮ್ಮವರು ಒಡಪು ಮರೆತು ನಿಲ್ಲುತ್ತಾರೆ. ನಿನ್ನ ಮುಖ. ನನ್ನ ಕೈ. ನಿನ್ನ ನಗು. ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಪುಟ್ಟಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತಾ, "ಎಷ್ಟು ಒಳ್ಳೇ ಹೆಂಗಸು ಇವ್ರು! ಇವ್ರ ಪಕ್ಕದಲ್ಲಿ ಒಬ್ರು ಸಿಡುಕು ಮೂತಿಯೋರು ಇದ್ರಲ್ಲ, ಅವ್ರನ್ನ ತೆಗೆದುಬಿಟ್ರಾ?" ಎಂದಳು. "ತೆಗೆದ್ವಿ" ಎಂದೆ. "ಒಳ್ಳೇದಾಯ್ತು ಬಿಡಿ" ಎಂದಳು.

ನಮ್ಮವರು ಈ ಸಲ ಎದ್ದು ಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಒಂದು ಸಲ ಗಂಟಲು ಸರಿಮಾಡಿಕೊಂಡರು. "ಬಾಗಿಲಿಗೆ ತೋರಣ, ಬಚ್ಚಲಿಗೆ ಹಂಡೆ, ನೀಲಗಂಗನ ನಗುವಿನಾಗ ನಮ್ಮನಿ ಬೆಳಕು ಕಂಡೆ" ಎಂದರು. ಹೇಳಿ ಮುಗಿಸಿದವರೇ ಗಿಡಗಳಿಗೆ ನೀರು ಹಾಕಲು ಹೋದರು. ಹೊರಗೆ ಮಳೆ ಬರುತ್ತಿತ್ತು.

ಜಂಬಣ್ಣ ಆಗ ಮನೆಯಲ್ಲಿರಲಿಲ್ಲ. ಪುಣ್ಯ.

ಕಾದಂಬರಿಯನ್ನು ಮತ್ತೆ ಕಳಿಸಿದ್ದೇನೆ. ಲೈಬ್ರರಿಯವರಿಂದ ನನ್ನ ಹೆಸರಿಗೇ ಇನ್ನೊಂದು ಸಲ ಬರೆಸಿಕೊಂಡಿದ್ದೇನೆ. ಮುಗಿಸು.

ನಿನ್ನ
ನೀಲಾ

*

ದಾವಣಗೆರೆ
೩ ಮಾರ್ಚ್ ೧೯೭೪

ನೀಲಾ,

ಕುಬಸದ ಚಿತ್ರ ತೆಗೆದುಕೊಂಡು ಜಂಬಣ್ಣ ನಿನ್ನೆ ಬಂದ. ಈ ಸಲ ಕತ್ತರಿ ಮುಟ್ಟಿಲ್ಲ ಎಂದು ಪಡಸಾಲೆಯಲ್ಲಿ ಎಲ್ಲರ ಮುಂದೆ ಪ್ರಮಾಣ ಮಾಡಿದ.

ನಿಮ್ಮ ಅಡುಗೆಮನೆ. ಅವನು ಕ್ಯಾಮೆರಾವನ್ನು ನಮ್ಮ ಕಣ್ಣಿನ ಮಟ್ಟಕ್ಕೆ ಸ್ಟೂಲಿನ ಮೇಲೆ ಇಟ್ಟು, ಕೀಲಿ ಕೊಟ್ಟು, ಗುಂಡಿ ಒತ್ತಿಬಿಟ್ಟು, "ನಾನು ಮುಟ್ಟಲ್ಲ, ನೀವೇ ಏನಾದ್ರೂ ಮಾಡ್ಕೊಳ್ಳಿ" ಎಂದು ದೂರ ಸರಿದದ್ದು ನಿನಗೆ ನೆನಪಿದೆಯಲ್ಲ. ಆ ಕೀಲಿ ಮುಗಿಯುವವರೆಗೆ ಏನೂ ನಡೆಯುವುದಿಲ್ಲ. ನಾವಿಬ್ಬರು ಪಕ್ಕಪಕ್ಕದಲ್ಲಿ ಕೂತು ಹೋಳಿಗೆ ತಟ್ಟುತ್ತೇವೆ. ಇಬ್ಬರೂ ಒಂದೇ ಎತ್ತರ. ಹಿಂದೆ ಹಸಿರು ಸೀರೆಯುಟ್ಟ ಜಗದಾಂಬಾ ಹೊಟ್ಟೆ ಮುಂದೆ ಮಾಡಿಕೊಂಡು ಹಾದುಹೋಗುತ್ತಾಳೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಅದು ಹಸಿರೆಂದು ನಮಗಷ್ಟೇ ಗೊತ್ತು. ನೀನು ಕಣಕ ತೆಗೆದುಕೊಡುತ್ತೀಯ. ನಾನು ಹೂರಣದ ಉಂಡೆಯನ್ನು ಒತ್ತಿ ನೋಡಿ, ನಿನ್ನ ಕಡೆ ಬಗ್ಗಿ, ಕಿವಿಯಲ್ಲಿ ಏನೋ ಹೇಳುತ್ತೇನೆ. ನೀನು ಹಿಟ್ಟಿನ ಕೈಯಲ್ಲೇ ನನ್ನ ಮೊಳಕೈ ಚಿವುಟುತ್ತೀಯ. ಈ ಸಲ ಕೈ ಎಲ್ಲಿಂದ ಬಂತೆಂದು ಎಲ್ಲರಿಗೂ ಕಾಣುತ್ತದೆ. ಅಷ್ಟೆ. ಕೀಲಿ ಮುಗಿಯುತ್ತದೆ.

ಚಿತ್ರ ಮುಗಿದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ನನ್ನನ್ನು ಸುತ್ತುವರಿದರು. "ಏನಂದ್ರಿ ಅವ್ರ ಕಿವ್ಯಾಗೆ? ಏನಂದ್ರಿ, ಹೇಳ್ರೀ." ನಮ್ಮ ನಾದಿನಿ, "ಬೀಗಿತ್ತಿ ಕಿವ್ಯಾಗೆ ಹೇಳೋದು ಏನಿರ್ತೈತಿ, ಊಟ ಭಾಳ ಚಂದಾಗೈತಿ ಅಂದಿರ್ತಾಳ" ಎಂದಳು. ನಾನು ಹೌದು ಎಂದೆ. ಜಂಬಣ್ಣನ ಸಿನಿಮಾಕ್ಕೆ ಧ್ವನಿಯಿಲ್ಲದ್ದು ಎಷ್ಟು ಒಳ್ಳೆಯದು!

ಹೆರಿಗೆಗೆ ಮುಂಚೆ ಅಲ್ಲಿರುತ್ತೇನೆ. ಬೆಲ್ಲದ ಪಾಕಕ್ಕೆ ಕೈ ಹಾಕಬೇಡ. ನಾನು ಬರುವವರೆಗೆ ಕಾಯಿ.

ಕಾದಂಬರಿ ಮುಗಿಯಿತು. ಕೊನೆಯ ಪುಟದಲ್ಲಿ ಅವರು ಕೂತು ಮಾತಾಡುತ್ತಾರೆ. ಮೊದಲೇ ಹೇಳಬಾರದಿತ್ತೇನೇ?

ನಿನ್ನ
ರಾಜಿ